ಹಾಸ್ಟೆಲ್ ಸೋಲಾರ್‌ಗೆ ಬೋರ್ ನೀರು ಬಿಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಚಳಿ ಬಿದ್ದ ಕೂಡಲೇ ಬಳ್ಳಾರಿ, ರಾಯಚೂರು, ಕೊಪ್ಪಳದ ಹಾಸ್ಟೆಲ್‌ಗಳಿಂದ ಒಂದೇ ದೂರು: ಜಳಕಕ್ಕೆ ಬಿಸಿನೀರಿಲ್ಲ. ಸಿಗುವ ಉತ್ತರವೂ ಒಂದೇ: ಹೊಸ ಸೋಲಾರ್ ವಾಟರ್ ಹೀಟರ್‌ಗೆ ಪ್ರಸ್ತಾವ ಹೋಗಿದೆ. ಹೊಸದು ಬರುತ್ತದೆ, ಎರಡು ಚಳಿಗಾಲ ನೆಟ್ಟಗೆ ನಡೆಯುತ್ತದೆ, ಮೂರನೆಯದಕ್ಕೆ ಮತ್ತೆ ಅದೇ ದೂರು. ಈ ಸೀಮೆಯಲ್ಲಿ ಬಿಸಿಲಿಗೇನೂ ಬರ ಬಂದಿಲ್ಲ. ಯಂತ್ರ ಕಳಪೆಯೆಂದು ಬೈಯುವುದೂ ಬಹಳ ಸಲ ಅನ್ಯಾಯವೇ. ಕೊಳವೆಬಾವಿಯ ಗಡಸು ನೀರನ್ನು, ಅಂದರೆ ಸುಣ್ಣದಂಶ ಹೆಚ್ಚಿರುವ ನೀರನ್ನು, ಹಾಗ್ಹಾಗೇ ಸೋಲಾರ್‌ಗೆ ಬಿಡುತ್ತಿದ್ದೇವೆ, ಕೆಡುವುದು ಅಲ್ಲಿಂದ.

ಮೊದಲು ಬೇಕಾದುದೆಷ್ಟು ಎಂಬ ಲೆಕ್ಕ. ಡಿಸೆಂಬರ್ ಬೆಳಗಿನ ಜಾವ ತಾರಸಿಯ ಟ್ಯಾಂಕಿನ ನೀರು ಹೆಚ್ಚುಕಡಿಮೆ 20 ಡಿಗ್ರಿ, ಮೈಗೆ ಹಿತವಾಗುವುದು 40. ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು ಅಷ್ಟು ಕಾಯಿಸಲು 400 ಕಿಲೊಕ್ಯಾಲರಿ ಬೇಕು. ಕರೆಂಟಿನ ಲೆಕ್ಕದಲ್ಲಿ ಅರ್ಧ ಯೂನಿಟ್‌ಗೆ ಒಂಚೂರು ಕಡಿಮೆ. ಸೋಲಾರ್‌ನಿಂದ 60 ಡಿಗ್ರಿಯ ನೀರು ಬಂದರೆ ಅದು 10 ಲೀಟರ್, ತಣ್ಣೀರು 10 ಲೀಟರ್ ಬೆರೆಸಿದರೆ ಬಕೆಟ್ ತುಂಬಿತು. ಹಾಗಾಗಿ 100 ಲೀಟರಿನ ಸೋಲಾರ್‌ಗೆ 10 ಮಂದಿ, 200 ಮಂದಿಯ ಹಾಸ್ಟೆಲ್‌ಗೆ 2,000 ಲೀಟರ್. ಚಪ್ಪಟೆ ಫಲಕದ ನಮೂನೆಯಲ್ಲಿ 100 ಲೀಟರಿಗೆ 2 ಚದರ ಮೀಟರಿನ ಒಂದು ಫಲಕ, ಒಟ್ಟು 20. ಗಾಜಿನ ಟ್ಯೂಬಿನದಾದರೆ 58 ಮಿ.ಮೀ. ದಪ್ಪ, 1,800 ಮಿ.ಮೀ. ಉದ್ದದ ಟ್ಯೂಬುಗಳು 100 ಲೀಟರಿಗೆ ಸಾಮಾನ್ಯವಾಗಿ 10. ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಮಂಗಳವಾರ, ಶುಕ್ರವಾರ ತಲೆ ಎರೆದುಕೊಳ್ಳುವವರು ಹೆಚ್ಚು. ಅಲ್ಲಿ ಒಂದೂವರೆ ಪಟ್ಟು ಹಿಡಿಯಬೇಕು. ಹುಡುಗರ ಹಾಸ್ಟೆಲ್‌ನ ಅಂದಾಜು ಪಟ್ಟಿಯನ್ನೇ ನಕಲು ಮಾಡಿ ಅಲ್ಲಿಗೂ ಅಂಟಿಸುವ ಚಾಳಿ ಬಿಡುವುದು ಒಳ್ಳೆಯದು.

ಹಿಂದೆ ಈ ಲೆಕ್ಕ ಕಟ್ಟಿಗೆಯಲ್ಲಿ ನಡೆಯುತ್ತಿತ್ತು. ಬಚ್ಚಲ ಒಲೆಯ ಮೇಲೆ ಹಂಡೆ, ಒಲೆಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಇಲ್ಲವೇ ಊರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಬಾಯಿ ತೆರೆದ ಒಲೆಯಲ್ಲಿ ಉರಿಯ ಐದನೇ ಒಂದು ಪಾಲು ನೀರಿಗೆ ಸೇರಿದರೆ ದೊಡ್ಡದು. 1,000 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು 57 ಕಿಲೊದಷ್ಟು ಒಣ ಕಟ್ಟಿಗೆ ಬೇಕಾಗುತ್ತಿತ್ತು. ಹೊಗೆಕೊಳವೆ ನೀರಿನ ನಡುವೆಯೇ ಹಾದುಹೋಗುವ ಮುಚ್ಚಿದ ಬಾಯ್ಲರ್‌ನಲ್ಲಿ ಅರ್ಧದಷ್ಟು ಶಾಖ ದಕ್ಕುವುದರಿಂದ 23 ಕಿಲೊ ಸಾಕು.

ಗಡಸು ನೀರು ಕಾದಾಗ ಒಳಗೋಡೆಗೆ ಅಂಟುವ ಬಿಳಿ ಪದರು, ಅಂದರೆ ಸುಣ್ಣ, ಹಂಡೆಗೂ ಕಟ್ಟುತ್ತಿತ್ತು. ಆದರೆ ಹಂಡೆಯ ಬಾಯಿ ಅಗಲ, ಒಳಗೆ ಕೈ ಹೋಗುತ್ತದೆ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗಿ, ಸುಣ್ಣ-ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತಿ ನೀರು ತುಂಬುತ್ತಾರಲ್ಲ, ವರ್ಷಕ್ಕೊಮ್ಮೆಯ ಸರ್ವೀಸಿಂಗ್ ಅದೇ. ಹುಣಸೆಯ ಹುಳಿಯೇ ಆಸಿಡ್. ಅದೂ ಚಳಿ ಶುರುವಾಗುವ ಸರಿಯಾದ ಹೊತ್ತಿಗೆ. ಸೋಲಾರ್ ಫಲಕದೊಳಗಿನ ತಾಮ್ರದ ಕೊಳವೆಯಾದರೋ ಅರ್ಧ ಇಂಚಿನದು. ಅದರೊಳಗೆ ಯಾರ ಕೈಯೂ ಹೋಗುವುದಿಲ್ಲ, ಏನು ಕಟ್ಟಿಕೊಂಡಿದೆ ಎಂದು ಯಾರಿಗೂ ಕಾಣುವುದಿಲ್ಲ.

ಚಳಿದೇಶಗಳ ವಿಶ್ವವಿದ್ಯಾಲಯಗಳಲ್ಲಿ ಬೇಕಾದುದು ಜಳಕದ ನೀರಷ್ಟೇ ಅಲ್ಲ, ಕೋಣೆಯೇ ಬೆಚ್ಚಗಾಗಬೇಕು. ಆಕ್ಸ್‌ಫರ್ಡ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕೋಣೆ ಕೋಣೆಗೆ ಹೋಗಿ ಅಗ್ಗಿಷ್ಟಿಕೆ ಹೊತ್ತಿಸುವ ಆಳುಗಳಿದ್ದರು; ಅವರಿಗೆ ಸ್ಕೌಟ್ ಎಂದು ಹೆಸರು. 1877ರಲ್ಲಿ ಅಮೆರಿಕದ ಲಾಕ್‌ಪೋರ್ಟ್ ಎಂಬ ಊರಲ್ಲಿ ಬರ್ಡ್‌ಸಿಲ್ ಹಾಲಿ ಎಂಬ ಎಂಜಿನಿಯರ್ ಒಂದೇ ಬಾಯ್ಲರ್ ಮನೆಯಿಂದ ನೆಲದಡಿಯ ಕೊಳವೆಗಳಲ್ಲಿ ಹಲವು ಕಟ್ಟಡಗಳಿಗೆ ಉಗಿ ಹರಿಸಿ ತೋರಿಸಿದ. ಆ ಕ್ರಮವನ್ನು ಮುಂದೆ ಅಲ್ಲಿನ ಎಷ್ಟೋ ಕ್ಯಾಂಪಸ್‌ಗಳು ಎತ್ತಿಕೊಂಡವು. ಒಂದು ಕಿಲೊ ಉಗಿ ರೇಡಿಯೇಟರ್‌ನಲ್ಲಿ ನೀರಾಗುವಾಗ 540 ಕಿಲೊಕ್ಯಾಲರಿ ಬಿಟ್ಟುಕೊಡುತ್ತದೆ, ಹಾಗೆ ನೀರಾದದ್ದು ಬೇರೆ ಕೊಳವೆಯಲ್ಲಿ ಬಾಯ್ಲರಿಗೆ ಮರಳುತ್ತದೆ. ಈಗ ಉಗಿಯನ್ನೂ ಬಿಟ್ಟು ಬಿಸಿನೀರಿನ ಕೊಳವೆ, ಬೇರೆಡೆಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಕಡೆಗೆ ಹೊರಳಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2015ರಲ್ಲಿ ಹಾಗೆ ಬದಲಾಯಿತು. ನಮಗೆ ಅವರ ಉಗಿ ಬೇಡ. ಆದರೆ ಆ ಬಾಯ್ಲರ್ ಮನೆಗಳ ಒಂದು ಶಿಸ್ತು ಬೇಕು: ಕಾಯಿಸುವ ನೀರನ್ನು ಮೊದಲು ಮೆದು ಮಾಡದೆ ಒಳಗೆ ಬಿಡುವುದಿಲ್ಲ.

ಇದನ್ನು ಕಲಿಯಲು ಅಷ್ಟು ದೂರವೂ ಹೋಗಬೇಕಿಲ್ಲ. 1985ರಿಂದ ನಡೆಯುತ್ತಿರುವ ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕೃಷ್ಣಾ ನದಿಯ ನೀರನ್ನೂ ನೇರವಾಗಿ ಬಾಯ್ಲರಿಗೆ ಬಿಡುವುದಿಲ್ಲ, ಖನಿಜಾಂಶವನ್ನೆಲ್ಲ ತೆಗೆದ ಮೇಲೆಯೇ ಬಿಡುತ್ತಾರೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಕುಸುಬಲಕ್ಕಿ ಮಿಲ್ಲಿನಲ್ಲಿ ಭತ್ತದ ಹೊಟ್ಟು ಉರಿಸಿ ಬಾಯ್ಲರ್ ನಡೆಸುವವರನ್ನು ಕೇಳಿ. ನೀರು ಮೆದು ಮಾಡದಿದ್ದರೆ, ತಳದ ಗಸಿಯನ್ನು ಹೊತ್ತುಹೊತ್ತಿಗೆ ಹೊರಗೆ ಬಿಡದಿದ್ದರೆ ಏನಾಗುತ್ತದೆಂದು ವಿವರವಾಗಿ ಹೇಳುತ್ತಾರೆ. ಹಾಸ್ಟೆಲ್ ತಾರಸಿಯ ಮೇಲಿರುವುದೂ ಒಂದು ಸಣ್ಣ ಬಾಯ್ಲರೇ.

ಸುಣ್ಣ ಕಟ್ಟುವ ಬಗೆ ಹೀಗೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಕಾಯಿಸಿದಾಗ ಅದು ಒಡೆದು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಗೋಡೆಗೆ ಅಂಟುತ್ತದೆ. ಸಕ್ಕರೆ, ಉಪ್ಪಿನಂತೆ ಬಿಸಿಯಲ್ಲಿ ಹೆಚ್ಚು ಕರಗುವ ಜಾತಿಯಲ್ಲ ಇದು. ಬಿಸಿ ಏರಿದಷ್ಟೂ ಹೆಚ್ಚು ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ (10500, 2012ರದು) ಲೀಟರಿಗೆ 200 ಮಿ.ಗ್ರಾಂ ಗಡಸುತನ ಲೇಸೆನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತದೆ. ಬೋರ್ ನೀರು 500 ಇದೆ ಎಂದುಕೊಳ್ಳಿ. ದಿನಕ್ಕೆ 2,000 ಲೀಟರ್ ಕಾದರೆ 1 ಕಿಲೊ ಸುಣ್ಣ ಯಂತ್ರದ ಮೂಲಕ ಹಾದುಹೋಯಿತು. ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಉಳಿದರೂ ದಿನಕ್ಕೆ 50 ಗ್ರಾಂ, ಚಳಿಗಾಲದ 120 ದಿನಕ್ಕೆ 6 ಕಿಲೊ.

ಅಷ್ಟರಿಂದ ಯಂತ್ರವೇ ಯಾಕೆ ನಿಲ್ಲುತ್ತದೆ? ಹಾಸ್ಟೆಲ್‌ಗಳಲ್ಲಿ ಹೆಚ್ಚಾಗಿರುವ ನಮೂನೆಯಲ್ಲಿ ಪಂಪ್ ಇರುವುದಿಲ್ಲ. ಫಲಕದಲ್ಲಿ ಕಾದ ನೀರು ಹಗುರಾಗಿ ತಾನಾಗಿ ಟ್ಯಾಂಕಿಗೆ ಏರಬೇಕು, ತಣ್ಣನೆಯದು ಕೆಳಗಿಳಿಯಬೇಕು. 30 ಡಿಗ್ರಿಯ ನೀರಿಗೂ 60 ಡಿಗ್ರಿಯ ನೀರಿಗೂ ತೂಕದಲ್ಲಿರುವ ವ್ಯತ್ಯಾಸ ನೂರಕ್ಕೆ 1.3ರಷ್ಟೇ. ಒಂದು ಮೀಟರ್ ಎತ್ತರಕ್ಕೆ ಸಿಗುವ ತಳ್ಳುವ ಬಲ 13 ಮಿ.ಮೀ. ನೀರಿನ ಒತ್ತಡ, ಬೆರಳಿನ ಅಗಲಕ್ಕೂ ಕಡಿಮೆ. ಅರ್ಧ ಇಂಚಿನ ಕೊಳವೆಯ ಒಳಗೆ ಸುತ್ತಲೂ 2 ಮಿ.ಮೀ. ಪದರು ಕಟ್ಟಿತೆಂದರೆ ಹರಿವು ಕಾಲು ಭಾಗಕ್ಕಿಂತ ಕೆಳಗೆ ಬೀಳುತ್ತದೆ. ಫಲಕ ಸುಡುತ್ತಿರುತ್ತದೆ, ಟ್ಯಾಂಕ್ ತಣ್ಣಗಿರುತ್ತದೆ.

ಪರೀಕ್ಷೆ ಸುಲಭ. ಮಧ್ಯಾಹ್ನ ಒಂದು ಗಂಟೆಗೆ ತಾರಸಿ ಹತ್ತಿ, ಫಲಕದ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಕೊಳವೆಯನ್ನು ಮುಟ್ಟಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಹರಿವು ಚೆನ್ನಾಗಿದೆ. ತಣ್ಣಗಿದ್ದರೆ ಗಾಳಿ ಕಟ್ಟಿರಬೇಕು, ಇಲ್ಲವೇ ಸುಣ್ಣ. ಮೇಲಿನ ಯೂನಿಯನ್, ಅಂದರೆ ಕೊಳವೆಗಳನ್ನು ಬಿಚ್ಚಲು ಬರುವ ತಿರುಪು ಜೋಡಣೆ, ಸಡಿಲಿಸಿ. ಬುಸ್ಸೆಂದು ಗಾಳಿ ಹೋಗಿ ನೀರು ಬಂದು, ಅರ್ಧ ಗಂಟೆಯಲ್ಲಿ ಕೊಳವೆ ಬಿಸಿಯಾದರೆ ಗಾಳಿಯದೇ ತೊಂದರೆ. ಆಗಲಿಲ್ಲವೆಂದರೆ ಸುಣ್ಣ. ಸಡಿಲಿಸುವಾಗ ಮುಖ ದೂರವಿರಲಿ, ಒಳಗೆ ಕುದಿನೀರಿರುತ್ತದೆ. ಗಾಳಿ ಪದೇ ಪದೇ ಕಟ್ಟುತ್ತಿದ್ದರೆ ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆದ್ದ ಗಾಳಿಕೊಳವೆ ನೋಡಿ: ಅದರ ಬಾಯಿ ತಣ್ಣೀರಿನ ಟ್ಯಾಂಕಿನ ಮಟ್ಟಕ್ಕಿಂತ ಮೇಲಿರಬೇಕು, ಕಣಜ ಗೂಡು ಕಟ್ಟಿ ಮುಚ್ಚಿರಬಾರದು. ಅದು ಮುಚ್ಚಿದ್ದರೆ ಬಿಸಿನೀರು ಇಳಿಯುವಾಗ ಟ್ಯಾಂಕ್ ಒಳಕ್ಕೆ ಸೊಟ್ಟಗಾಗುವುದೂ ಉಂಟು.

ಪರಿಹಾರಕ್ಕೆ ಬರೋಣ. ತುಂಗಭದ್ರೆ, ಕೃಷ್ಣೆಯ ನೀರು ನಮ್ಮ ಬೋರ್ ನೀರಿಗಿಂತ ಬಹಳ ಮೆದು. ಬಳ್ಳಾರಿ, ರಾಯಚೂರು ನಗರಗಳಿಗೆ ಬರುವ ನಲ್ಲಿ ನೀರು ಈ ಹೊಳೆಗಳದೇ. ಈಗ ಹಾಸ್ಟೆಲ್‌ಗಳಲ್ಲಿ ಎರಡನ್ನೂ ಒಂದೇ ಸಂಪಿಗೆ ಬಿಟ್ಟು, ಕಲಸಿ, ಶೌಚಕ್ಕೂ ಸೋಲಾರ್‌ಗೂ ಅದನ್ನೇ ಏರಿಸುತ್ತಾರೆ. ಹೊಳೆ ನೀರಿಗೆ ಬೇರೆ ಸಂಪು, ಬೇರೆ ಪೈಪ್, ತಾರಸಿಯ ಮೇಲೆ ಬೇರೆ ಟ್ಯಾಂಕ್ ಇರಲಿ. 200 ಮಂದಿಗೆ ದಿನಕ್ಕೆ 2,000 ಲೀಟರ್. ನಲ್ಲಿ ಮೂರು ದಿನಕ್ಕೊಮ್ಮೆ ಬಂದರೂ 6,000 ಲೀಟರಿನ ಸಂಪು ಸಾಕು. ಸೋಲಾರ್‌ಗೆ ನೀರು ಕೊಡುವ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದಡಿಯಾದರೂ ಮೇಲಿರಲಿ. ನಡುವೆ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಬಿಸಿನೀರು ಹಿಂದಕ್ಕೆ ಏರಿ ತಣ್ಣೀರ ಟ್ಯಾಂಕನ್ನು ಕಾಯಿಸುತ್ತಾ ಕೂರುತ್ತದೆ. ಇನ್ನೊಂದು ಮಾತು: "ನಲ್ಲಿ ಬರದ ದಿನಕ್ಕೆ ಇರಲಿ" ಎಂದು ಬೋರ್ ಪೈಪಿನಿಂದ ಒಂದು ಅಡ್ಡ ವಾಲ್ವ್ ಕೊಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಆ ವಾಲ್ವ್ ಒಮ್ಮೆ ತೆರೆದರೆ ಮುಚ್ಚುವವರಿಲ್ಲ. ಬೇಸಿಗೆಯಲ್ಲಿ ಕಾಲುವೆ ನಿಂತು ಹೊಳೆ ನೀರಿಗೆ ತತ್ವಾರವಾಗುತ್ತದೆ, ನಿಜ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಬಿಸಿನೀರು ಕೇಳುವವರಾದರೂ ಯಾರು? ಕಪ್ಪು ಟ್ಯಾಂಕಿನ ತಣ್ಣೀರೇ ಕೈ ಸುಡುತ್ತಿರುತ್ತದೆ.

ಹೊಳೆ ನೀರು ಇಲ್ಲದ ಕಡೆ ಎರಡು ದಾರಿ. ಫಲಕದಲ್ಲಿ ಒಂದೇ ನೀರು ಸುತ್ತುತ್ತಾ, ಹೀಟ್ ಎಕ್ಸ್‌ಚೇಂಜರ್ ಮೂಲಕ ಟ್ಯಾಂಕಿನ ನೀರಿಗೆ ಬೆರೆಯದೆ ಶಾಖವಷ್ಟೇ ಕೊಡುವ ನಮೂನೆ ಒಂದು. ಸುತ್ತುವ ನೀರಿನಲ್ಲಿದ್ದ ಸುಣ್ಣ ಒಮ್ಮೆ ಕೂತರೆ ಮುಗಿಯಿತು. ಇನ್ನೊಂದು ಉಪ್ಪು ಹಾಕಿ ನೀರು ಮೆದು ಮಾಡುವ ಸಾಫ್ಟ್‌ನರ್: 500ರ ಗಡಸುತನದ 2,000 ಲೀಟರಿಗೆ ಗಡಸುತನ ಹೀರುವ ರೆಸಿನ್ ಹರಳು 100 ಲೀಟರ್ ಇದ್ದರೆ ಐದು ದಿನಕ್ಕೊಮ್ಮೆ 15 ಕಿಲೊದಷ್ಟು ಉಪ್ಪಿನಲ್ಲಿ ತೊಳೆಯಬೇಕು. ಉಪ್ಪು ತರುವ ಹೊಣೆ ಯಾರದೆಂದು ಬರೆದಿಡದಿದ್ದರೆ ಎರಡನೇ ತಿಂಗಳಿಗೆ ಅದು ಬರೀ ಮರಳಿನ ಪೀಪಾಯಿ. ಪೈಪಿಗೆ ಅಯಸ್ಕಾಂತ ಕಟ್ಟಿಸಿಕೊಳ್ಳಿ ಎಂದು ಬರುವವರಿಗೆ ಚಹಾ ಕೊಟ್ಟು ಕಳಿಸಿ. ಟಿಡಿಎಸ್ ಮೀಟರ್ ಅದ್ದಿ ಗಡಸುತನ ಹೇಳುವವರನ್ನೂ ನಂಬಬೇಡಿ. ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ತೋರಿಸುತ್ತದೆ. ಗಡಸುತನಕ್ಕೆ ಬೇರೆಯೇ ಪರೀಕ್ಷಾ ಕಿಟ್ ಇದೆ.

ಈಗಾಗಲೇ ಕಟ್ಟಿಕೊಂಡ ಸುಣ್ಣವನ್ನು ತೆಗೆಯುವುದು ಒಂದು ಬೆಳಗಿನ ಕೆಲಸ. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಮುಟ್ಟಲೇಬೇಡಿ, ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗೆ ಸೂಜಿಮೊನೆಯ ತೂತು ಬೀಳುತ್ತದೆ. ಪುಡಿಯ ರೂಪದಲ್ಲಿ ಸಿಗುವ ಸಲ್ಫಾಮಿಕ್ ಆಸಿಡ್ ತನ್ನಿ. 1 ಕಿಲೊ ಸುಣ್ಣಕ್ಕೆ ಸುಮಾರು 2 ಕಿಲೊ ಬೇಕಾಗುತ್ತದೆ. ಸಿಟ್ರಿಕ್ ಆಸಿಡ್ ಕಡಿಮೆ ಸಾಕೆನಿಸಿದರೂ ಅದರಿಂದ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಸರಿಯಾಗಿ ಕರಗದೆ ಮತ್ತೆ ಕೂರುತ್ತದೆ. ಬಿಸಿಲೇರುವ ಮೊದಲು ಟ್ಯಾಂಕಿನ ಕಡೆಯ ಎರಡೂ ವಾಲ್ವ್ ಮುಚ್ಚಿ, ಯೂನಿಯನ್ ಬಿಚ್ಚಿ ಫಲಕಗಳನ್ನು ಬೇರೆ ಮಾಡಿ ಬರಿದು ಮಾಡಿ. ಪ್ಲಾಸ್ಟಿಕ್ ಪೀಪಾಯಿಯಲ್ಲಿ 50 ಲೀಟರ್ ನೀರಿಗೆ 2.5 ಕಿಲೊ ಪುಡಿ ಕರಗಿಸಿ. ಏರ್ ಕೂಲರಿನ ಸಣ್ಣ ಪಂಪ್ ಸಾಕು: ಫಲಕದ ಕೆಳತುದಿಗೆ ದ್ರಾವಣ ಕೊಟ್ಟು, ಮೇಲ್ತುದಿಯಿಂದ ಪೀಪಾಯಿಗೆ ಮರಳಲಿ. ನೊರೆ ಏಳುತ್ತಿರುವ ತನಕ ಕೆಲಸ ನಡೆದಿದೆ ಎಂದರ್ಥ. ನೊರೆ ನಿಂತಾಗ ಒಂದು ಸುಣ್ಣದ ಚೂರನ್ನು ದ್ರಾವಣಕ್ಕೆ ಹಾಕಿ. ಗುಳ್ಳೆ ಬಂದರೆ ಆಸಿಡ್ ಇನ್ನೂ ಜೀವಂತ, ಕೊಳವೆ ಚೊಕ್ಕಟವಾಗಿದೆ. ಬಾರದಿದ್ದರೆ ಆಸಿಡ್ ಸತ್ತಿದೆ, ಹೊಸ ಪುಡಿ ಹಾಕಿ. ಆಮೇಲೆ ಚೆನ್ನಾಗಿ ನೀರು ಹಾಯಿಸಿ, 50 ಲೀಟರಿಗೆ ಅರ್ಧ ಕಿಲೊ ಬಟ್ಟೆ ಸೋಡಾ ಕರಗಿಸಿ ಒಂದು ಸುತ್ತು, ಮತ್ತೆ ಬರೀ ನೀರು. ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚಿಂಗ್ ಪೌಡರ್ ಡಬ್ಬಿ ಆ ತಾರಸಿಯ ಮೇಲೆಯೇ ಇರಬಾರದು. ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎಷ್ಟೋ ಕಡೆ ಯೂನಿಯನ್, ವಾಲ್ವ್ ಇಲ್ಲದೆ ನೇರ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಕೊಯ್ಯದೆ ಗತಿಯಿಲ್ಲ.

ಗಾಜಿನ ಟ್ಯೂಬಿನಲ್ಲಿ ಸುಣ್ಣ ಕಳಚಿ ಮರಳಿನಂತೆ ತಳಕ್ಕೆ ಕೂರುತ್ತದೆ. ಸಿಲಿಕಾನ್ ರಿಂಗಿಗೆ ಸೋಪಿನ ನೀರು ಹಚ್ಚಿ, ತಿರುವುತ್ತಾ ಎಳೆದರೆ ಟ್ಯೂಬ್ ಬರುತ್ತದೆ. ಬಗ್ಗಿಸಿ ಸುರಿದು ನೈಲಾನ್ ಬ್ರಷ್ ಹಾಕಿದರಾಯಿತು. ಟ್ಯೂಬಿನ ತಳದ ಬೆಳ್ಳಿ ಬಣ್ಣ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ, ಅದನ್ನು ಬದಲಿಸಬೇಕು. ಬಿಸಿಲಲ್ಲಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಚಟ್ಟನೆ ಒಡೆಯುತ್ತದೆ, ಆದ್ದರಿಂದ ನೀರು ತುಂಬುವುದು ಸೂರ್ಯ ಹುಟ್ಟುವ ಮೊದಲೇ.

ಇನ್ನು ಪೈಪು. 40 ಮಿ.ಮೀ. ಕೊಳವೆ ಮೀಟರಿಗೆ 1.25 ಲೀಟರ್ ನೀರು ಹಿಡಿಯುತ್ತದೆ. ತಾರಸಿಯಿಂದ ಕೊನೆಯ ಬಚ್ಚಲಿಗೆ 60 ಮೀಟರ್ ಇದ್ದರೆ 75 ಲೀಟರ್. ರಾತ್ರಿಯಿಡೀ ಅದು ಕೊಳವೆಯಲ್ಲಿ ನಿಂತು ಆರಿರುತ್ತದೆ. ಐದೂವರೆಗೆ ಎದ್ದವರು ನಲ್ಲಿ ಬಿಟ್ಟು ನಾಲ್ಕು ಬಕೆಟ್ ಚರಂಡಿಗೆ ಹರಿಸಿದ ಮೇಲೆಯೇ ಬಿಸಿ ಕಾಣುವುದು. "ಸೋಲಾರ್ ಕೆಟ್ಟಿದೆ" ಎಂಬ ದೂರುಗಳಲ್ಲಿ ಕೆಲವು ನಿಜವಾಗಿ ಇದೇ. ಕೊನೆಯ ಬಚ್ಚಲಿನಿಂದ ಟ್ಯಾಂಕಿಗೆ ನೀರು ಹಿಂದಿರುಗುವ 20 ಮಿ.ಮೀ. ಕೊಳವೆ, 60 ವಾಟಿನ ಒಂದು ಸಣ್ಣ ಪಂಪ್, ಟೈಮರ್ ಹಾಕಿ ಐದೂಕಾಲಿನಿಂದ ಏಳರ ತನಕ ಸುತ್ತಿಸಿದರೆ ನಲ್ಲಿ ತಿರುವಿದ ಕೂಡಲೇ ಬಿಸಿನೀರು. ಕೊಳವೆಗೆ ಶಾಖ ಹಿಡಿದಿಡುವ ನೈಟ್ರೈಲ್ ಫೋಮ್ ಸುತ್ತಿದರೆ ಸಾಲದು. ನಮ್ಮ ಬಿಸಿಲಿಗೆ ಅದು ಪುಡಿಯಾಗುತ್ತದೆ. ಆನೆಗೊಂದಿ ಸುತ್ತಿನಲ್ಲಾದರೆ ಬಿಸಿಲಿಗಿಂತ ಮೊದಲು ಮಂಗಗಳು ಕಿತ್ತಿರುತ್ತವೆ. ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ ಇರಲಿ. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು, ಸಾದಾ ಪಿವಿಸಿ ಮೆತ್ತಗಾಗಿ ಜೋಲುತ್ತದೆ.

ತಾರಸಿಯಿಂದ ನೀರು ಬಾರದಿದ್ದಾಗ ಕೋಣೆಗಳಲ್ಲಿ ಕಾಯಿಲ್, ಅಂದರೆ ಬಕೆಟ್ಟಿನಲ್ಲಿ ಅದ್ದಿಡುವ ಹೀಟರ್, ಹೊರಬರುತ್ತದೆ. 1,500 ವಾಟಿನ ಕಾಯಿಲ್ ಆರೂವರೆ ಆಂಪಿಯರ್ ಎಳೆಯುತ್ತದೆ, ಕೋಣೆಯ ಸಾಕೆಟ್ 6 ಆಂಪಿಯರಿನದು. ಹತ್ತು ಕೋಣೆಯಲ್ಲಿ ಒಟ್ಟಿಗೆ ಹಾಕಿದರೆ 15 ಕಿಲೊವಾಟ್. ವೈರಿಂಗ್ ಕಾಯುತ್ತದೆ, ಎಂಸಿಬಿ ಬೀಳುತ್ತದೆ. ಆಗ ದೊಡ್ಡ ಎಂಸಿಬಿ ಹಾಕಿಸುವುದು ಬೆಂಕಿಗೆ ಆಮಂತ್ರಣ ಕೊಟ್ಟಂತೆ. ಬೋರ್ ನೀರಿನಲ್ಲಿ ಕಾಯಿಲ್‌ಗೂ ಸುಣ್ಣ ಕಟ್ಟಿ, ಒಳಗಿನ ಶಾಖ ಹೊರಬಾರದೆ ತಾಮ್ರದ ಹೊದಿಕೆ ಸೀಳುತ್ತದೆ. ಸೀಳಿನಿಂದ ನೀರು ಒಳಹೊಕ್ಕರೆ ಬಕೆಟ್ಟಿನ ನೀರಿಗೇ ಕರೆಂಟ್. ಬ್ಲೇಡಿಗೆ ವೈರ್ ಕಟ್ಟಿ ಮಾಡುವ ಹೀಟರಿನಲ್ಲಿ ಸೀಳುವುದಕ್ಕೂ ಕಾಯಬೇಕಿಲ್ಲ, ಮೊದಲಿನಿಂದಲೂ ನೀರಲ್ಲಿ ಕರೆಂಟ್ ಇರುತ್ತದೆ. ನಿಷೇಧದ ಸುತ್ತೋಲೆ ಅಂಟಿಸಿದರೆ ಕಾಯಿಲ್ ಮಂಚದ ಕೆಳಗೆ ಹೋಗುತ್ತದೆ ಅಷ್ಟೆ. ಪ್ರತಿ ಮಹಡಿಗೆ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅರ್ತಿಂಗ್ ಪರೀಕ್ಷಿಸಿ. ನೀರು ಬಿಸಿಯಾಯಿತೇ ಎಂದು ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕೀಳಬೇಕೆಂದು ಹೊಸಬರಿಗೆ ಮೊದಲ ದಿನವೇ ಹೇಳಿ.

ಮೋಡದ ದಿನಗಳಿಗೆ ಟ್ಯಾಂಕಿನೊಳಗೆ ಹೀಟರ್ ಕೂರಿಸುವ ಬದಲು ಹೀಟ್ ಪಂಪ್ ಆಲೋಚಿಸಬಹುದು. 1,000 ಲೀಟರನ್ನು 30 ಡಿಗ್ರಿ ಏರಿಸಲು ಹೀಟರಿಗೆ 35 ಯೂನಿಟ್ ಬೇಕಾದರೆ, ನಮ್ಮ ಬೆಚ್ಚಗಿನ ಗಾಳಿಯಲ್ಲಿ ಹೀಟ್ ಪಂಪಿಗೆ 12ರ ಆಸುಪಾಸು ಸಾಕು. ಅದಕ್ಕೂ ಮೆದು ನೀರೇ ಬೇಕು.

2007ರಲ್ಲಿ ರಾಜ್ಯ ಸರ್ಕಾರ ಹಲವು ಬಗೆಯ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಅಂದಿನಿಂದ ಟೆಂಡರುಗಳಲ್ಲಿ ಲೀಟರ್ ಎಷ್ಟು, ಫಲಕ ಎಷ್ಟು ಎಂದು ಬರೆಯುತ್ತೇವೆ. ಯಾವ ನೀರು ಎಂದು ಬರೆಯುವುದಿಲ್ಲ. ಮುಂದಿನ ಟೆಂಡರಿನಲ್ಲಿ ನೀರಿನ ಗಡಸುತನದ ವರದಿ, ಪ್ರತಿ ಫಲಕಸಾಲಿಗೆ ಯೂನಿಯನ್ ಮತ್ತು ವಾಲ್ವ್, ನೀರು ಹಿಂದಿರುಗುವ ಕೊಳವೆ, ವರ್ಷಕ್ಕೊಮ್ಮೆ ಸುಣ್ಣ ತೆಗೆಯುವ ಷರತ್ತು ಸೇರಿಸಬೇಕೆಂದು ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ವಿಭಾಗಗಳನ್ನೂ ಹಾಸ್ಟೆಲ್ ನಡೆಸುವ ಇಲಾಖೆಗಳನ್ನೂ ಕೇಳಿಕೊಳ್ಳುತ್ತೇವೆ.

ಟೆಂಡರಿಗೆ ಕಾಯದೆ ಈ ವರ್ಷವೇ ಮಾಡಬಹುದಾದ ಒಂದು ಕೆಲಸವಿದೆ. ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಖಾಲಿ, ಬಿಸಿನೀರು ಎಳೆಯುವವರಿಲ್ಲ, ಬಿಸಿಲು ಮಾತ್ರ 42 ಡಿಗ್ರಿಯದು. ಟ್ಯಾಂಕಿನ ನೀರು ಕುದಿದು ಗಾಳಿಕೊಳವೆಯಿಂದ ಆವಿಯಾಗಿ ಹೋಗುತ್ತದೆ, ಅದರ ಜಾಗಕ್ಕೆ ಹೊಸ ಗಡಸು ನೀರು ಬರುತ್ತದೆ, ಸುಣ್ಣವೆಲ್ಲ ಒಳಗೇ ಉಳಿಯುತ್ತದೆ. ಯಾರೂ ಒಂದು ಚೊಂಬು ನೀರು ಬಳಸದ ಎರಡು ತಿಂಗಳಲ್ಲಿ ಯಂತ್ರ ಹೀಗೆ ಹಾಳಾಗುತ್ತದೆ. ಕೊನೆಯ ಪರೀಕ್ಷೆ ಮುಗಿದ ದಿನ ಫಲಕಗಳ ಮೇಲೆ ತಾಡಪತ್ರಿ ಹೊದಿಸಿ, ನಾಲ್ಕು ಮೂಲೆಗೆ ಹಗ್ಗ ಬಿಗಿದು, ತಣ್ಣೀರಿನ ವಾಲ್ವ್ ಮುಚ್ಚಿ, ತಾರಸಿಯ ಬೀಗದ ಕೈಯನ್ನು ಜೂನ್‌ನಲ್ಲಿ ಸಿಗುವಂಥ ಜಾಗದಲ್ಲಿ ಇಡಿ.

ಇಂತಿ,
ಓದುಗರು, ರಾಯಚೂರು